ನನ್ನ ಹೆಸರಿನಲ್ಲಿ ಹಡಗು ಹತ್ತಿದವನು

ನೌಕಾದಳದ ಹಳೆಯ ದಫ್ತರಗಳಲ್ಲಿ ಯುದ್ಧಕಾಲದ ಕಾಗದಗಳು ಇನ್ನೂ ಉಳಿದಿದ್ದರೆ ಅವುಗಳಲ್ಲಿ ನನ್ನ ಹೆಸರು ಇದ್ದೀತು. ನನ್ನ ಹೆಸರು, ನಮ್ಮ ತಂದೆಯ ಹೆಸರು, ಊರು, ತಾಲೂಕು ಗಂಗಾವತಿ, ಓದಿದ್ದು ನಾಲ್ಕನೇ ಜಮಾತು. ಆದರೆ ನಾನು ಸಮುದ್ರವನ್ನು ಕಣ್ಣಿನಿಂದ ಕೂಡ ನೋಡಿದವನಲ್ಲ. ಆ ಹೆಸರಿನಲ್ಲಿ ನಾಲ್ಕು ವರ್ಷ ಹಡಗಿನ ಮೇಲೆ ಇದ್ದವನು ನನ್ನ ತಮ್ಮ. ಅದು ಹೇಗೆ ಆಯಿತು, ಆಮೇಲೆ ಆ ನಾಲ್ಕು ವರ್ಷಗಳನ್ನು ನಾನು ಅವನಿಂದ ಹೇಗೆ ಕಿತ್ತುಕೊಂಡೆ ಎಂಬುದನ್ನು ಬರೆಯಬೇಕೆಂದು ಬಹಳ ಸಲ ಕುಳಿತಿದ್ದೇನೆ. ಪ್ರತಿ ಸಲವೂ ನಾಲ್ಕು ಸಾಲು ಬರೆದು ಎದ್ದಿದ್ದೇನೆ. ನನಗೆ ಓದು ಕಡಿಮೆ. ತಪ್ಪಿದ್ದಲ್ಲಿ ಓದುವವರು ತಿದ್ದಿಕೊಳ್ಳಬೇಕು.

ನಮ್ಮ ಊರು ತುಂಗಭದ್ರೆಯ ದಂಡೆಯಲ್ಲಿ. ಈ ಕಡೆ ನಿಜಾಮರ ಸೀಮೆ, ಹೊಳೆ ದಾಟಿದರೆ ಇಂಗ್ಲಿಷರ ಸೀಮೆ. ಸಂತೆಗೋ ಲಗ್ನಕ್ಕೋ ಹರಗೋಲಿನಲ್ಲಿ ಕುಳಿತು ಒಂದು ಸರ್ಕಾರದಿಂದ ಇನ್ನೊಂದು ಸರ್ಕಾರಕ್ಕೆ ಹೋಗಿ ಸಂಜೆ ತಿರುಗಿ ಬರುವುದು ನಮಗೆ ವಿಶೇಷವಲ್ಲ. ಹರಗೋಲೆಂದರೆ ಬಿದಿರಿನ ದುಂಡು ಬುಟ್ಟಿಗೆ ಹೊರಗಿನಿಂದ ಎಮ್ಮೆಯ ಚರ್ಮ ಹೊಲಿದಿರುತ್ತಾರಲ್ಲ, ಅದು. ನನ್ನ ತಮ್ಮ ಬೆಳೆದದ್ದೇ ಅದರಲ್ಲಿ. ತಂದೆ ಇಬ್ಬರು ಮಕ್ಕಳಲ್ಲಿ ಒಬ್ಬನನ್ನು ಸಾಲೆಗೆ ಕಳಿಸಬಹುದಿತ್ತು, ಇನ್ನೊಬ್ಬ ಎಮ್ಮೆಗಳ ಹಿಂದೆ ಬೇಕಾಗಿತ್ತು. ನಾನು ದೊಡ್ಡವನಾದ್ದರಿಂದ ಗಂಗಾವತಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಉರ್ದು ಸಾಲೆಗೆ ಹೋದೆ. ಕನ್ನಡವನ್ನು ಮಠದ ಐಗಳು ಮುಂಜಾನೆ ಹೇಳಿಕೊಡುತ್ತಿದ್ದರು. ನಾಲ್ಕನೇ ಜಮಾತು ಪಾಸಾದ ಮೇಲೆ ಅತ್ತೆ ತೀರಿಕೊಂಡರು. ನನ್ನ ಓದು ಅಲ್ಲಿಗೆ ನಿಂತಿತು. ಊರಿಗೆ ಬಂದಾಗ ನನ್ನ ಹತ್ತಿರ ಮೊಹರು ಒತ್ತಿದ ಒಂದು ಸರ್ಟಿಫಿಕೇಟ್ ಇತ್ತು. ತಮ್ಮನ ಹತ್ತಿರ ಅಗಲವಾದ ಭುಜಗಳಿದ್ದವು. ನನಗಿಂತ ಒಂದೂವರೆ ವರ್ಷಕ್ಕೆ ಚಿಕ್ಕವನು, ಒಂದು ಗೇಣು ಎತ್ತರ. ಮಳೆಗಾಲದ ಹೊಳೆಯನ್ನು ಈಜಿ ದಾಟಿ ಆ ಕಡೆ ಕುಳಿತು ನನ್ನನ್ನು ಅಣಕಿಸುತ್ತಿದ್ದ. ಅವ್ವ ನನ್ನನ್ನು ದೊಡ್ಡ್ಯಾ ಎಂದೂ ಅವನನ್ನು ಸಣ್ಣ್ಯಾ ಎಂದೂ ಕರೆಯುತ್ತಿದ್ದಳು. ಊರಿನವರಿಗೆ ಅದೇ ದೊಡ್ಡ ನಗೆಯಾಗಿತ್ತು.

ಜಪಾನಿನವರು ಬರ್ಮಾಕ್ಕೆ ಬಂದರು ಎಂದು ಎಲ್ಲರೂ ಮಾತಾಡುತ್ತಿದ್ದ ವರ್ಷ ಅದು. ಹೊಸಪೇಟೆಯ ಸಂತೆಗೆ ಮೆಣಸಿನಕಾಯಿ ಒಯ್ದಿದ್ದೆ. ಸಂತೆಯ ಬಾಯಲ್ಲಿ ಒಂದು ಮೇಜು ಹಾಕಿಕೊಂಡು ಬಿಳಿ ಬಟ್ಟೆಯ ಒಬ್ಬ ಮನುಷ್ಯ ಕುಳಿತಿದ್ದ. ಅವನ ಪಕ್ಕದಲ್ಲಿ ಹಲಗೆ ಬಾರಿಸುವವನು. ಜನ ನೆರೆದ ಮೇಲೆ ಬಿಳಿ ಬಟ್ಟೆಯವನು ಎದ್ದು ನಿಂತು ಉರ್ದುವಿನಲ್ಲಿ ಹೇಳಿದ್ದು ಇಷ್ಟು: ಯುದ್ಧಕ್ಕೆ ಮೊದಲು ಹಿಂದೂಸ್ತಾನದ ನೌಕಾದಳ ಅಂಗೈಯಷ್ಟು ಇತ್ತು, ಹಡಗುಗಳನ್ನು ಬೆರಳಿನಲ್ಲಿ ಎಣಿಸಬಹುದಿತ್ತು. ಈಗ ತಿಂಗಳಿಗೊಂದು ಹಡಗು ನೀರಿಗಿಳಿಯುತ್ತಿದೆ, ಹತ್ತುವ ಜನ ಸಾಲದು. ಮೊದಲು ಕರಾವಳಿಯವರನ್ನೇ ತೆಗೆದುಕೊಳ್ಳುತ್ತಿದ್ದರು, ಈಗ ಒಳನಾಡಿನವರೂ ಬೇಕು. ಓದು ಬಂದರೆ ಇನ್ನೂ ಒಳ್ಳೆಯದು.

ಓದು ಎಂದ ಕೂಡಲೇ ನಾನು ಮುಂದೆ ಹೋದೆ. ಓದಿದವನೆಂದು ನನ್ನನ್ನು ಯಾರೂ ಅದುವರೆಗೆ ಕರೆದಿರಲಿಲ್ಲ. ಅವನು ಒಂದು ಸಾಲು ಓದಿಸಿದ, ಶಾಬಾಶ್ ಅಂದ, ಹೆಸರು ಬರೆದುಕೊಂಡ. ಮುಂದಿನ ವಾರ ಸರ್ಟಿಫಿಕೇಟ್ ತೆಗೆದುಕೊಂಡು ಸ್ಟೇಷನ್ನಿಗೆ ಬರಬೇಕೆಂದ. ಸುತ್ತಲಿದ್ದವರು ನನ್ನನ್ನು ನೋಡಿದ ರೀತಿಗೆ ನನ್ನ ಎದೆ ಉಬ್ಬಿತ್ತು.

ಆ ಉಬ್ಬು ಹೊಳೆ ದಾಟುವಷ್ಟರಲ್ಲಿ ಇಳಿಯಿತು. ಹರಗೋಲಿನ ಮುದುಕ ಹುಟ್ಟು ಹಾಕುತ್ತ ನನ್ನ ಸುದ್ದಿ ಕೇಳಿ ನಕ್ಕ.

"ಸಮುದ್ರ ಅಂದ್ರ ಏನಂತ ತಿಳದೀಯೋ ತಮ್ಮಾ? ನಮ್ಮ ಹೊಳಿಗೆ ಈ ದಂಡಿ ಐತಿ, ಆ ದಂಡಿ ಐತಿ. ಅದಕ್ಕ ಒಂದ ದಂಡಿ. ಬಿಟ್ಟು ಹೊಂಟ್ರ ಮುಂದ ಏನೂ ಇಲ್ಲ."

"ನೀ ನೋಡಿಯೇನು?"

"ನೋಡಿಲ್ಲ. ನೋಡಬಾರದಂತನ ನೋಡಿಲ್ಲ."

ಆ ಒಂದು ದಂಡೆಯ ನೀರು ನನ್ನ ತಲೆಯಲ್ಲಿ ಕುಳಿತುಬಿಟ್ಟಿತು. ಮೂರು ದಿನ ಊಟ ಸೇರಲಿಲ್ಲ. ನಾಲ್ಕನೆಯ ದಿನ ತಂದೆಗೆ ಹೇಳಿದೆ, ನಾನು ಹೋಗುವುದಿಲ್ಲ ಎಂದು. ತಂದೆ ಬೈಯಲಿಲ್ಲ. ಆದರೆ ಅವರ ಮುಖ ಕಪ್ಪಿಟ್ಟಿತು.

"ಹೆಸರು ಬರಕೊಂಡಾರಲ್ಲೋ. ಯಾರರ ಹೋಗಬೇಕಾಗ್ತೈತಲ್ಲ."

ಇದನ್ನು ಈಗಿನವರಿಗೆ ಬಿಡಿಸಿ ಹೇಳಬೇಕು. ನಮ್ಮ ಸೀಮೆಯಲ್ಲಿ ಬಿಟ್ಟಿ ಎಂಬುದಿತ್ತು. ಅಧಿಕಾರಿ ಊರಿಗೆ ಬಂದರೆ ಡೇರೆ ಹೊಡೆಯಲು, ಸಾಮಾನು ಹೊರಲು ಮನೆಗೊಬ್ಬ ಆಳು ಹೋಗಬೇಕು, ಕೂಲಿ ಇಲ್ಲ. ತಳವಾರ ಬಾಗಿಲಿಗೆ ಬಂದು ಮನೆಯ ಹಿರಿಯನ ಹೆಸರು ಕೂಗುತ್ತಿದ್ದ. ಹೋಗುವವನು ಹಿರಿಯನೇ ಆಗಬೇಕೆಂದಿಲ್ಲ. ತಂದೆಗೆ ಜ್ವರವಿದ್ದರೆ ನಾನು ಹೋಗುತ್ತಿದ್ದೆ, ನಾನಿಲ್ಲದಿದ್ದರೆ ತಮ್ಮ. ಅಲ್ಲಿ ತಂದೆಯ ಹೆಸರು ಕೂಗಿದಾಗ ನಾವು "ಅದೀನ್ರಿ" ಎನ್ನುತ್ತಿದ್ದೆವು. ಹೆಸರಿನ ಮುಂದೆ ಗೀಟು ಬಿದ್ದರೆ ಮನೆಯ ಪಾಲು ಮುಗಿಯಿತು. ಹೆಸರು ಮನೆಯದು, ಮೈ ಯಾರದಾದರೂ ನಡೆಯುತ್ತದೆ. ಇದು ಮೋಸವೆಂದು ನಮ್ಮ ಊರಿನಲ್ಲಿ ಯಾರೂ ಅಂದುಕೊಂಡಿರಲಿಲ್ಲ. ನೌಕಾದಳಕ್ಕೆ ಖುಷಿಯಿಂದ ಹೆಸರು ಕೊಡುವುದು, ಬೇಡವೆಂದರೆ ಬಿಡುವುದು ಎಂಬುದು ನಮಗೆ ತಿಳಿಯದು. ಸರ್ಕಾರ ಹೆಸರು ಬರೆದುಕೊಂಡಿತೆಂದರೆ ಮನೆಯಿಂದ ಒಬ್ಬ ಹೋಗಲೇಬೇಕು. ಅಷ್ಟೇ ನಮ್ಮ ತಿಳುವಳಿಕೆ.

ತಮ್ಮ ಎಮ್ಮೆಯ ಮೈ ತಿಕ್ಕುತ್ತಿದ್ದವನು ಅಲ್ಲಿಂದಲೇ ಕೂಗಿದ. "ಅಳಬ್ಯಾಡೋ ಯಣ್ಣಾ, ನಾ ಹೋಗ್ತೀನಿ. ಬಿಳೇ ಬಟ್ಟಿ, ಬೂಟು, ಎರಡೊತ್ತು ಅನ್ನ. ಇಲ್ಲಿ ನನಗೇನೈತಿ? ಈ ಎಮ್ಮಿ ಮಾರಿ ನೋಡಬೇಕು, ಇಲ್ಲ ನಿನ್ನ ಮಾರಿ ನೋಡಬೇಕು."

"ಹೆಸರು ಇವನದು ಐತಿ," ಎಂದರು ತಂದೆ.

"ಇರಲಿ ಬಿಡ್ರಿ. ಹೆಸರೇನು ಸಮುದ್ರದಾಗ ಈಜತೈತೇನು? ಈಜಾಂವ ನಾನು."

ಉಳಿದ ದಿನಗಳಲ್ಲಿ ಅವನಿಗೆ ನನ್ನ ಸಹಿ ಕಲಿಸಿದೆ. ಹೊಳೆಯ ಮರಳಿನಲ್ಲಿ ಕಡ್ಡಿಯಿಂದ ನಾನು ಬರೆಯುವುದು, ಅವನು ತಿದ್ದುವುದು. ಅಕ್ಷರ ಬಾರದವನಾದ್ದರಿಂದ ಅದನ್ನು ಚಿತ್ರದಂತೆ ಕಲಿತ. ಇದು ಕೊಕ್ಕರೆ, ಇದು ಕುಡುಗೋಲು, ಇದು ಅವ್ವನ ಬುಗುಡಿ ಎಂದು ನನ್ನ ಹೆಸರಿನ ಒಂದೊಂದು ಅಕ್ಷರಕ್ಕೂ ಒಂದು ಹೆಸರಿಟ್ಟ. ಮೂರನೆಯ ದಿನ ನನ್ನ ಸಹಿಯನ್ನು ನನಗಿಂತ ಚೆನ್ನಾಗಿ ಹಾಕಿದ. ಸರ್ಟಿಫಿಕೇಟನ್ನು ಮಡಚಿ ಅವನ ಅಂಗಿಯ ಕಿಸೆಗೆ ನಾನೇ ಇಟ್ಟೆ. ನನ್ನ ಕೈಯಿಂದಲೇ ಇಟ್ಟೆ ಎಂಬುದನ್ನು ಓದುವವರು ಗಮನದಲ್ಲಿಡಬೇಕು. ಹೊಸಪೇಟೆಯ ಸ್ಟೇಷನ್ನಿಗೆ ಸಂತೆಯಲ್ಲಿ ನನ್ನನ್ನು ನೋಡಿದ್ದವನು ಬಂದಿರಲಿಲ್ಲ, ಬೇರೆ ಯಾರೋ ನನ್ನ ಹೆಸರು ಕೂಗಿದರು. ತಮ್ಮ ಮುಂದೆ ಹೋದ. ನಾನು ಕಂಬದ ಮರೆಗೆ ನಿಂತಿದ್ದೆ.

ಆಮೇಲೆ ಕಾಗದಗಳು ಬರತೊಡಗಿದವು. ಮೊದಮೊದಲು ಬೇರೆ ಯಾರದೋ ಕೈಯಲ್ಲಿ ಉರ್ದು ಬರಹ, ಕೊನೆಗೆ ನನ್ನದೇ ಸಹಿ. ನನ್ನ ಹೆಸರು ನನಗೇ ಕಾಗದ ಬರೆದು ಕ್ಷೇಮ ಕೇಳುತ್ತಿತ್ತು. ಕಾಗದವನ್ನು ಓದಿ ಮುಗಿಸಿದ ಮೇಲೆ ಅವ್ವ ಆ ಸಹಿಯ ಮೇಲೆ ಕೈಯಾಡಿಸಿ, "ನನ್ನ ಸಣ್ಣ್ಯಾ" ಎನ್ನುತ್ತಿದ್ದಳು.

ಎರಡು ವರ್ಷದ ಮೇಲೆ ಒಂದು ಸಲ ರಜೆಯಲ್ಲಿ ಬಂದ. ಊರ ಮುಂದಿನ ಜಾಲಿಯ ಹತ್ತಿರ ಬಿಳಿ ಬಟ್ಟೆ ಕಂಡು ಅವ್ವ ಓಡಿಹೋಗಿ "ಸಣ್ಣ್ಯಾ, ಸಣ್ಣ್ಯಾ" ಎಂದು ಕೂಗಿದಳು. ಅವನು ತಿರುಗಲಿಲ್ಲ. ನಾನು ಹಿಂದೆ ನಿಂತು ನನ್ನದೇ ಹೆಸರು ಹಿಡಿದು ಕೂಗಿದೆ. ತಟ್ಟನೆ ತಿರುಗಿದ. ಆಮೇಲೆ ಬಹಳ ನಕ್ಕ. "ತಪ್ಪು ತಿಳೀಬ್ಯಾಡಬೇ ಯವ್ವಾ, ಅಲ್ಲಿ ಹಗಲೆಲ್ಲ ಯಣ್ಣನ ಹೆಸರಿಲೇ ಬೈಸಿಕೊಳ್ತೀನಿ, ಅದಕ್ಕ ಅದ ರೂಢಿ ಆಗೈತಿ," ಎಂದ.

ಆ ಹದಿನೈದು ದಿನ ನಮ್ಮ ಕಟ್ಟೆಯ ಮೇಲೆ ಜನ ಕದಲಲಿಲ್ಲ. ಅವನ ಮಾತುಗಳಿಂದಲೇ ನಮಗೆ ನೌಕಾದಳ ಎಂದರೇನೆಂದು ತಿಳಿದದ್ದು. ಮೊದಲು ಮುಂಬಯಿಯಲ್ಲಿ ಅವರನ್ನು ಒಂದು ಕಟ್ಟಡದಲ್ಲಿ ಇಟ್ಟರಂತೆ. ಕಟ್ಟಡ ನೆಲದ ಮೇಲೆಯೇ ಇದ್ದರೂ ಅದಕ್ಕೆ ಹಡಗು ಎಂದೇ ಕರೆಯಬೇಕು. ಬಾಗಿಲು ದಾಟಿ ಹೊರಗೆ ಹೋದರೆ "ದಂಡೆಗೆ ಹೋದೆ" ಎನ್ನಬೇಕು, ನೆಲ ತೊಳೆದರೆ ಅದು ನೆಲವಲ್ಲ, ಹಡಗಿನ ಹಾಸು. ಕಾರಟಗಿಯಿಂದ ಬಂದಿದ್ದ ಒಬ್ಬ ಹುಡುಗ ಇದನ್ನು ಕೇಳಿ, ಇವರಿಗೆ ತಲೆ ಕೆಟ್ಟಿದೆ ಎಂದು ತಿಳಿದು ಮೂರನೆಯ ದಿನ ಓಡಿಹೋದನಂತೆ. ಪಂಜಾಬಿನವರು, ಮಲಬಾರಿನವರು, ಬಂಗಾಲದವರು ಒಂದೇ ಪಂಕ್ತಿಯಲ್ಲಿ. ಅರ್ಧ ಜನ ಅವನ ಹಾಗೆಯೇ ಸಮುದ್ರ ನೋಡದವರು. ಅಧಿಕಾರಿಗಳು ಹೆಚ್ಚುಕಡಿಮೆ ಎಲ್ಲರೂ ಇಂಗ್ಲಿಷರು. ನಮ್ಮವರು ಒಬ್ಬಿಬ್ಬರು ಹೊಸದಾಗಿ ಬರುತ್ತಿದ್ದರು. ಅಂಥವರು ಹಡಗು ಹತ್ತಿದರೆ ಕೆಳಗಿನವರು ಕದ್ದು ನೋಡಿ ಖುಷಿಪಡುತ್ತಿದ್ದರಂತೆ.

ತಮ್ಮನ ಕೆಲಸ ಆಳ ನೋಡುವುದು. ಹಡಗು ದಂಡೆಯ ಹತ್ತಿರ ಸರಿಯುವಾಗ ಮುಂದೆ ನಿಂತು ಸೀಸದ ಗುಂಡು ಕಟ್ಟಿದ ಹಗ್ಗವನ್ನು ಬೀಸಿ ಒಗೆದು, ಎಷ್ಟು ಆಳ ಎಂದು ಕೂಗಿ ಹೇಳಬೇಕು. ಹಗ್ಗಕ್ಕೆ ಅಲ್ಲಲ್ಲಿ ಚರ್ಮದ ತುಂಡು, ಬಟ್ಟೆಯ ತುಂಡು ಕಟ್ಟಿರುತ್ತದೆ, ಕತ್ತಲಲ್ಲಿ ಬೆರಳಿಗೇ ಗೊತ್ತಾಗಬೇಕು. "ಹರಗೋಲಿನ ಮುದುಕ ಬಿದಿರು ಗಳ ಚುಚ್ಚಿ ನೋಡ್ತಾನಲ್ಲ, ಅದಾ ಕೆಲಸ," ಎಂದು ಹೇಳಿದ. "ಆದ್ರ ನಾ ತಪ್ಪು ಹೇಳಿದ್ರ ಇನ್ನೂರು ಮಂದಿ ಹೋಗ್ತಾರ." ಬರ್ಮಾದ ಕಡೆಯ ಕೆಸರು ನೀರಿನಲ್ಲಿ ಅವನ ಹಡಗು ಸಿಪಾಯಿಗಳನ್ನು ಇಳಿಸುತ್ತಿತ್ತು. ಅಲ್ಲಿ ಅವನ ಲೆಕ್ಕ ಒಂದು ಸಲವೂ ತಪ್ಪಲಿಲ್ಲವೆಂದು ಮೇಲಿನವರು ಎಲ್ಲರ ಮುಂದೆ ಹೇಳಿದರಂತೆ. ಹೇಳಿದ್ದು ನನ್ನ ಹೆಸರು ಹಿಡಿದು. ಅದನ್ನು ಅವನು ನಗುತ್ತಲೇ ತಿಳಿಸಿದ. ಓದಲು ಬರೆಯಲು ಕೂಡ ಅಲ್ಲಿಯೇ ಕಲಿತಿದ್ದ. ಇಂಗ್ಲಿಷ್ ಪುಸ್ತಕವೊಂದನ್ನು ಚೀಲದಿಂದ ತೆಗೆದು ಗಂಟೆಗಟ್ಟಲೆ ಓದುತ್ತಿದ್ದ. ಓದಿದವನು ನಾನು ಎಂಬುದು ಮನೆಯಲ್ಲಿ ಹಳೆಯ ಮಾತಾಯಿತು. ಆಗ ನನಗೆ ಸ್ವಲ್ಪ ಹೊಟ್ಟೆಕಿಚ್ಚು ಆಗಿದ್ದು ನಿಜ. ಅದನ್ನೂ ಮುಚ್ಚಿಡುವುದಿಲ್ಲ.

ಯುದ್ಧ ಮುಗಿಯಿತು. ನಲವತ್ತಾರರ ಬೇಸಿಗೆಯ ಆರಂಭದಲ್ಲಿ ಒಂದು ಮಧ್ಯಾಹ್ನ ತಮ್ಮ ಯಾವ ಸುದ್ದಿಯೂ ಇಲ್ಲದೆ ಮನೆಗೆ ಬಂದ. ಬಿಳಿ ಬಟ್ಟೆ ಇರಲಿಲ್ಲ. ಕೈಯಲ್ಲಿ ಒಂದು ಗಂಟು, ಕಿಸೆಯಲ್ಲಿ ಕೆಲಸದಿಂದ ತೆಗೆದುಹಾಕಿದ ಕಾಗದ. ಮುಂಬಯಿಯಲ್ಲಿ ನಾವಿಕರು ಮುಷ್ಕರ ಹೂಡಿದ್ದರು. ಅದರಲ್ಲಿ ಇವನೂ ಇದ್ದ.

"ಬ್ಯಾಳ್ಯಾಗ ಹಳ್ಳು, ಅನ್ನದಾಗ ಕಲ್ಲು," ಎಂದು ಅವ್ವನಿಗೆ ಹೇಳಿದ. "ಅದನ್ನರ ತಿಂದೇವು. ಬೈತಿದ್ರು ನೋಡಬೇ, ಹಡದ ಅವ್ವನ ಮ್ಯಾಲ. ಅದಕ್ಕ ಕೆಲಸ ನಿಲ್ಲಿಸಿದ್ವಿ. ಇಂಗ್ಲಿಷರ ಬಾವುಟ ಇಳಿಸಿ ನಮ್ಮ ಮೂರು ಪಾರ್ಟಿ ಬಾವುಟ ಒಂದ ಕಂಬಕ್ಕ ಏರಿಸಿದ್ವಿ. ಊರ ಮಂದಿ ಬಂದು ದಂಡಿ ಮ್ಯಾಲ ರೊಟ್ಟಿ ಕೊಟ್ಟು ಹೋದ್ರು. ಆಮ್ಯಾಲ ಆ ಪಾರ್ಟಿ ಹಿರ್ಯಾರ ಹೇಳಿದ್ರು, ಬಿಟ್ಟುಬಿಡ್ರಿ, ನಿಮ್ಮ ಕೂದಲ ಕೊಂಕಂಗಿಲ್ಲ ಅಂತ. ಬಿಟ್ಟಿವಿ."

"ಕೊಂಕಲಿಲ್ಲೇನು?" ಎಂದೆ.

"ಕೂದಲಿಗೇನೂ ಆಗಿಲ್ಲ ನೋಡು," ಎಂದು ತಲೆ ಬಗ್ಗಿಸಿ ತೋರಿಸಿದ. "ಮನಿಗೆ ಕಳಿಸ್ಯಾರ, ಅಷ್ಟ."

ಆದರೆ ಅವನಿಗೆ ಒಂದು ನಂಬಿಕೆ ಇತ್ತು. ಇಂಗ್ಲಿಷರು ಇನ್ನು ಹೆಚ್ಚು ದಿನ ಇರುವುದಿಲ್ಲ. ಅವರು ಹೋದ ದಿನ ನೌಕಾದಳ ನಮ್ಮದಾಗುತ್ತದೆ. ನಮ್ಮವರು ನಮ್ಮನ್ನು ಕರೆಯದೆ ಇನ್ನು ಯಾರನ್ನು ಕರೆದಾರು? ಇದನ್ನು ಅವನು ಎಲ್ಲರಿಗೂ ಹೇಳುತ್ತಿದ್ದ, ಎಮ್ಮೆಗೂ ಹೇಳುತ್ತಿದ್ದ ಎಂದು ಊರವರು ನಗುತ್ತಿದ್ದರು. ಹೊಲದಲ್ಲಿ ದುಡಿದ, ಹರಗೋಲು ನಡೆಸಿದ. ಹುಡುಗಿ ನೋಡೋಣವೆಂದರೆ "ತಡೀರಿ, ಕಾಗದ ಬರಲಿ" ಎಂದ. ತಂದೆ ಆ ವರ್ಷವೇ ತೀರಿಕೊಂಡರು.

ಅದೇ ಹೊತ್ತಿಗೆ ಮುನಿರಾಬಾದಿನ ಹತ್ತಿರ ಹೊಳೆಗೆ ಅಣೆಕಟ್ಟು ಕಟ್ಟುವ ಕೆಲಸ ಸುರುವಾಗಿತ್ತು. ಗಂಗಾವತಿಯ ಹಳೆಯ ಮಾಸ್ತರರಿಂದ ಸರ್ಟಿಫಿಕೇಟಿನ ಇನ್ನೊಂದು ನಕಲು ಬರೆಸಿಕೊಂಡು ನಾನು ಅಲ್ಲಿ ಕೂಲಿಗಳ ಹಾಜರಿ ಬರೆಯುವ ಕೆಲಸ ಹಿಡಿದೆ. ತಗಡಿನ ಮಾಡಿನ ಒಂದು ಮನೆ ಕೊಟ್ಟರು. ಮದುವೆಯಾಗಿತ್ತು, ಎರಡು ಮಕ್ಕಳಾದವು. ಹೊಲವನ್ನೇ ನಂಬಿದ್ದ ನಮ್ಮ ಮನೆತನದಲ್ಲಿ ಕುರ್ಚಿಯ ಮೇಲೆ ಕುಳಿತು ದುಡಿದವನು ನಾನೇ ಮೊದಲನೆಯವನು.

ನಲವತ್ತೇಳರ ಆಗಸ್ಟ್ ಹೊಳೆಯ ಆ ಕಡೆಗೆ ಬಂತು, ನಮ್ಮ ಕಡೆಗೆ ಬರಲಿಲ್ಲ. ತಮ್ಮ ಆ ದಿನ ಹೊಸಪೇಟೆಗೆ ಹೋಗಿ ಬಾವುಟ ನೋಡಿಕೊಂಡು ಬಂದ. ದೇಶ ಎರಡಾದಾಗ ಹಡಗುಗಳನ್ನೂ ಪಾಲು ಮಾಡಿದ್ದನ್ನು ಅವನೇ ನನಗೆ ಹೇಳಿದ್ದು, ಅಣ್ಣತಮ್ಮಂದಿರು ಬೇರೆಯಾಗುವಾಗ ಎತ್ತು ಹಂಚಿಕೊಂಡ ಹಾಗೆ. "ಒಂದ ತಾಟಿನಾಗ ಉಂಡಾವರು. ನೀ ಆ ಹಡಗಕ್ಕ ಹೋಗು, ನೀ ಈ ಹಡಗಕ್ಕ ಹೋಗು ಅಂದ್ರ ಹೆಂಗಾಗಿರಬೇಕು?" ಎಂದ. ಮರುವರ್ಷ ನಮ್ಮ ಕಡೆಗೂ ದಂಡು ಬಂತು, ನಿಜಾಮರ ಆಳಿಕೆ ಮುಗಿಯಿತು. ಅದೇ ದಿನಗಳಲ್ಲಿ ಇಂಗ್ಲೆಂಡಿನಿಂದ ನಮ್ಮ ದೇಶ ಕೊಂಡ ದೊಡ್ಡ ಯುದ್ಧದ ಹಡಗೊಂದು ಮುಂಬಯಿಗೆ ಬಂದಿತ್ತು. ಆ ಸುದ್ದಿಯಿದ್ದ ಪತ್ರಿಕೆಯನ್ನು ಮಡಚಿ ಹಿಡಿದುಕೊಂಡು ತಮ್ಮ ಮುನಿರಾಬಾದಿಗೆ ಬಂದ.

"ಹಳೇ ಹಡಗ ಯಣ್ಣಾ, ಬ್ಯಾರೆಯವರು ಬಳಸಿ ಬಿಟ್ಟಿದ್ದು. ಆದ್ರ ನಮ್ದು. ಇದಕ್ಕ ಮಂದಿ ಬೇಕಾಗ್ತಾರ, ಏಸೊಂದು ಮಂದಿ! ನಾ ಅರ್ಜಿ ಹಾಕ್ತೀನಿ."

"ಯಾರ ಹೆಸರಿಲೇ?"

ಅವನು ಇದಕ್ಕಾಗಿಯೇ ಬಂದಿದ್ದ. ಹೊಸಪೇಟೆಯ ವಕೀಲರೊಬ್ಬರ ಗುಮಾಸ್ತನನ್ನು ಕೇಳಿದ್ದನಂತೆ. ಆ ಹೆಸರಿನವನು ಈಗ ಇಲ್ಲಿ ಸರ್ಕಾರದ ಕೆಲಸದಲ್ಲಿದ್ದಾನೆ, ಇದ್ದದ್ದನ್ನು ಇದ್ದ ಹಾಗೆ ಬರೆಯುವುದೇ ಒಳ್ಳೆಯದು ಎಂದು ಗುಮಾಸ್ತ ಹೇಳಿದ್ದ. ಅಣ್ಣನ ಬದಲಿಗೆ ಹೋದೆ, ಅಣ್ಣನ ಹೆಸರಿನಲ್ಲಿ ದುಡಿದೆ, ಆ ದುಡಿಮೆಯನ್ನು ನನ್ನ ಹೆಸರಿಗೆ ಬರೆದು ನನ್ನನ್ನು ಮತ್ತೆ ತೆಗೆದುಕೊಳ್ಳಬೇಕು. ಅದಕ್ಕೆ ಸಾಕ್ಷಿ ಒಂದೇ, ಅಣ್ಣನ ಮಾತು.

"ಕೇಳಿದ್ರ ಏನಂತಿ?" ಎಂದ.

"ಇದ್ದದ್ದು ಹೇಳ್ತೀನಿ."

"ಸರ್ಟಿಫಿಕೇಟ್ ನಾನ ಕೊಟ್ಟೆ ಅಂತಿಯಲ್ಲ?"

"ನಾನ ಕೊಟ್ಟೀನಿ, ಕೊಟ್ಟೆ ಅಂತೀನಿ. ಎಷ್ಟು ಸಲ ಕೇಳ್ತೀಯೋ?"

ಅವನು ನನ್ನ ಹಿರಿಯ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಅಣೆಕಟ್ಟಿನ ಕ್ಯಾಂಪೆಲ್ಲ ತಿರುಗಿದ. ಕಟ್ಟುತ್ತಿದ್ದ ಗೋಡೆಯನ್ನು ತೋರಿಸಿ ಹಡಗಿನ ಗೋಡೆ ಇದಕ್ಕಿಂತ ಎತ್ತರ ಎಂದು ಹೇಳುತ್ತಿದ್ದದ್ದು ನನಗೆ ಕೇಳಿಸಿತು.

ಆರು ತಿಂಗಳಾದ ಮೇಲೆ ವಿಚಾರಣೆಯ ಕಾಗದ ಮುಂಬಯಿಯಿಂದ ಗಂಗಾವತಿಗೆ ಬಂದು, ಅಲ್ಲಿಂದ ನಮ್ಮ ಕ್ಯಾಂಪಿಗೆ ಬಂತು. ಹೆಡ್ ಗುಮಾಸ್ತರು ನನ್ನನ್ನು ಕರೆಸಿದರು. ತೆಲುಗಿನವರು, ವಯಸ್ಸಾದವರು, ನನ್ನ ಮೇಲೆ ಪ್ರೀತಿಯಿದ್ದವರು. ಬಾಗಿಲು ಮುಂದೆ ಮಾಡಿ ಕಾಗದವನ್ನು ಓದಿ ಹೇಳಿದರು.

"ನೋಡಯ್ಯಾ, ನಿನ್ನ ತಮ್ಮ ಹಿಂಗ ಬರದಾನೆ. ನೀ ಹೌದು ಅಂದ್ರೆ ಸುಳ್ಳು ಹೆಸರಿನ ಕೇಸು, ಅವನ ಮೇಲೂ ನಿನ್ನ ಮೇಲೂ. ಸರ್ಕಾರಕ್ಕೆ ಮೋಸ ಮಾಡಿದವನನ್ನು ಇಲ್ಲಿ ಇಟ್ಟುಕೊಳ್ಳಲಿಕ್ಕೆ ಆಗೋದಿಲ್ಲ. ನಿನಗೆ ಗೊತ್ತೇ ಇರಲಿಲ್ಲ ಅಂದ್ರೆ ಇಲ್ಲಿಗೇ ಮುಗೀತದೆ. ಮುಷ್ಕರದವರನ್ನು ಹೆಂಗೂ ತಗೊಳ್ಳೋದಿಲ್ಲವಂತೆ. ಅವನಿಗೆ ಆಗೋದೇನಿಲ್ಲ, ನಿನಗೆ ಹೋಗೋದು ಬೇಕಾದಷ್ಟಿದೆ. ವಿಚಾರ ಮಾಡಿ ಹೇಳು, ಅವಸರ ಇಲ್ಲ."

ಅವಸರ ಇಲ್ಲವೆಂದರು. ನಾನೇ ಅವಸರ ಮಾಡಿದೆ. ಹೊರಗೆ ಕಲ್ಲು ಒಡೆಯುವ ಸದ್ದು ಒಂದೇ ಸಮನೆ ಬರುತ್ತಿತ್ತು. ತಗಡಿನ ಮನೆ, ಮಕ್ಕಳು, ಕುರ್ಚಿ, ಎಲ್ಲವೂ ಒಮ್ಮೆಗೇ ಕಣ್ಣ ಮುಂದೆ ಬಂದವು. ತಮ್ಮನ ಮುಖ ಮಾತ್ರ ಬರಲಿಲ್ಲ. ಬಂದಿದ್ದರೆ ನಾಲಿಗೆ ಏಳುತ್ತಿರಲಿಲ್ಲವೆಂದು ಬಹಳ ವರ್ಷ ಸಮಾಧಾನ ಹೇಳಿಕೊಂಡಿದ್ದೇನೆ. ಅದು ಸುಳ್ಳು. ಬರದ ಹಾಗೆ ನಾನೇ ನೋಡಿಕೊಂಡೆ.

"ನನಗ ಗೊತ್ತಿಲ್ರಿ. ನನಗ ಗೊತ್ತಿಲ್ಲದಂಗ ತಗೊಂಡು ಹೋಗ್ಯಾನ," ಎಂದೆ.

ಅವರು ಬರೆದುಕೊಂಡರು. ನಾನು ಸಹಿ ಹಾಕಿದೆ. ಹೆಡ್ ಗುಮಾಸ್ತರು ನನ್ನ ಬೆನ್ನು ತಟ್ಟಿ ಕಳಿಸಿದರು. ಅವರದೇನೂ ತಪ್ಪಿಲ್ಲ. ನನ್ನ ಒಳ್ಳೆಯದಕ್ಕೇ ಹೇಳಿದ್ದರು.

ಮಳೆಗಾಲ ಕಳೆದ ಮೇಲೆ ತಮ್ಮ ಬಂದ. ಮುಂಜಾನೆ ಊರು ಬಿಟ್ಟವನು ಊಟದ ಹೊತ್ತಿಗೆ ಮುಟ್ಟಿದ್ದ. ನನ್ನ ಹೆಂಡತಿ ರೊಟ್ಟಿ ಬಡಿದು ಹಾಕಿದಳು. "ವೈನಿ, ಪುಂಡಿಪಲ್ಯ ಇನ್ನಷ್ಟು ಹಾಕ್ರಿ, ಹಡಗದಾಗ ಇದೊಂದು ಸಿಗಲಿಲ್ಲ ನೋಡ್ರಿ," ಎಂದು ಕೇಳಿ ಹಾಕಿಸಿಕೊಂಡ. ಮಕ್ಕಳನ್ನು ನಗಿಸಿದ. ಅವನು ಬಂದದ್ದು ಯಾಕೆಂದು ನನಗೆ ಗೊತ್ತಿತ್ತು. ನನ್ನ ಹೆಂಡತಿಯ ಮುಂದೆ ಅವನು ಅದರ ಸುದ್ದಿ ಎತ್ತಲಿಲ್ಲ.

ಕೈ ತೊಳೆದುಕೊಂಡು ಹೊರಗೆ ಬೇವಿನ ಗಿಡದ ಕೆಳಗೆ ಹೋದ. ನಾನೂ ಹೋದೆ. ಕಿಸೆಯಿಂದ ಕಾಗದ ತೆಗೆದ.

"ಇಂಗ್ಲಿಷಿನಾಗ ಐತಿ. ನಾನ ಓದ್ತೀನಿ, ಕೇಳು."

ಓದಿದ. ಒಂದು ಸಾಲು ಇಂಗ್ಲಿಷಿನಲ್ಲಿ, ಅದರ ಹಿಂದೆಯೇ ಕನ್ನಡದಲ್ಲಿ. ಅರ್ಜಿದಾರನ ಅಣ್ಣನೇ ವಿಚಾರಣೆಯಲ್ಲಿ ತಿಳಿಸಿದ್ದಾನೆ, ಸರ್ಟಿಫಿಕೇಟನ್ನು ತನಗೆ ತಿಳಿಯದಂತೆ ಒಯ್ಯಲಾಯಿತು ಎಂದು. ಆದ್ದರಿಂದ ಅರ್ಜಿಯನ್ನು ಪರಿಗಣಿಸಲು ಬರುವುದಿಲ್ಲ. ಇದರ ಮೇಲೆ ಇನ್ನು ಕಾಗದಪತ್ರ ನಡೆಸಬಾರದು. ನಿಧಾನವಾಗಿ, ಸಾಲೆಯ ಮಕ್ಕಳಿಗೆ ಪಾಠ ಹೇಳುವವರ ಹಾಗೆ ಓದಿದ.

"ಗೊತ್ತಿಲ್ಲದಂಗ ಒಯ್ದೆ ಅಂದ್ಯಾ?"

"ಹೂಂ."

"ಅಂಜಿಕಿ ಬಂತೇನು?"

"ಬಂತು."

ಕಾಗದದ ಮಡಿಕೆಗಳನ್ನು ಉಗುರಿನಿಂದ ತೀಡಿದ. ಆಮೇಲೆ, "ನಿನಗ ಅಂಜಿಕಿ ಬಂದಾಗೊಮ್ಮೆ ನಾ ಹೊಳಿ ದಾಟಬೇಕಂದ್ರ ಹೆಂಗೋ ಯಣ್ಣಾ?" ಎಂದ. ನಗಲು ನೋಡಿದ. ಆಗಲಿಲ್ಲ.

"ಈಗ ಹೋಗಿ ಹೇಳ್ತೀನಿ. ಸುಳ್ಳು ಹೇಳಿದ್ದೆ ಅಂತ ಹೇಳ್ತೀನಿ," ಎಂದೆ.

"ಏನು ಹೇಳ್ತಿ? ಬರದದ್ದು ಬರದು ಹೋತು. ಈಗ ಹೇಳಿದ್ರ ನಿಂದೂ ಹೋಗತೈತಿ. ಇಬ್ರೂ ಕೂಡಿ ಎಮ್ಮಿ ಕಾಯೋಣೇನು?"

"ಕಾಯೋಣು."

"ಬ್ಯಾಡ," ಎಂದ. "ನಿನಗ ಈಜು ಬರಂಗಿಲ್ಲ."

ಅವನು ಬೇಡವೆಂದದ್ದನ್ನು ನಾನು ಎಷ್ಟು ಬೇಗ ಹಿಡಿದುಕೊಂಡೆ ಎಂಬುದು ನನಗೆ ಮಾತ್ರ ಗೊತ್ತು. ಕಚೇರಿಗೆ ಹೋಗಬೇಕಾಗಿತ್ತು, ಅದರ ಬಾಗಿಲು ಇಪ್ಪತ್ತು ಹೆಜ್ಜೆಯಲ್ಲಿ ಇತ್ತು, ಹೆಡ್ ಗುಮಾಸ್ತರು ಕುರ್ಚಿಯಲ್ಲೇ ಇದ್ದರು. ನಾನು ತಮ್ಮನನ್ನು ಕ್ಯಾಂಪಿನ ಗಡಿಯವರೆಗೆ ಕಳಿಸಿ ಬಂದೆ.

ಆ ವರ್ಷದ ಕೊನೆಯಲ್ಲಿ ಮತ ಹಾಕುವವರ ಪಟ್ಟಿ ಬರೆಯಲು ಸಾಲೆಯ ಮಾಸ್ತರರು ಊರೂರು ತಿರುಗುತ್ತಿದ್ದರು. ನಾನು ರಜೆಯ ಮೇಲೆ ಊರಿನಲ್ಲಿದ್ದೆ. ಮಾಸ್ತರರು ನಮ್ಮ ಕಟ್ಟೆಯ ಮೇಲೆ ಕುಳಿತು, ಮನೆಯಲ್ಲಿ ಯಾರು ಯಾರು ಎಂದು ಕೇಳಿ ಅವ್ವನ ಹೆಸರು ಬರೆದುಕೊಂಡರು. ತಮ್ಮ ಹರಗೋಲಿನ ಚರ್ಮಕ್ಕೆ ಎಣ್ಣೆ ತಿಕ್ಕುತ್ತಿದ್ದವನು ಕೈ ಒರೆಸಿಕೊಳ್ಳುತ್ತ ಬಂದ. ತನ್ನ ಸ್ವಂತ ಹೆಸರು ಹೇಳಿದ. ಸರ್ಕಾರದ ಪಟ್ಟಿಯೊಂದರಲ್ಲಿ ಆ ಹೆಸರು ಸೇರಿದ್ದು ಅದೇ ಮೊದಲು.

"ಈ ಊರಾಗ ಎಷ್ಟು ವರ್ಷದಿಂದ ಇದ್ದೀಯಪಾ?" ಎಂದು ಮಾಸ್ತರರು ಕೇಳಿದರು. "ನಡುವ ಹೊರಗ ಎಲ್ಲೆರ ಹೋಗಿದ್ದೇನು? ಯುದ್ಧಕ್ಕ ಹೋಗಿದ್ದಿ ಅಂತ ಯಾರೋ ಅಂದ್ರು."

ತಮ್ಮ ನನ್ನ ಕಡೆಗೆ ನೋಡಲಿಲ್ಲ. "ಇಲ್ರಿ. ಹುಟ್ಟಿದಾಗಿಂದ ಇಲ್ಲೇ ಅದೀನಿ. ಎಲ್ಲೂ ಹೋಗಿಲ್ಲ," ಎಂದ.

ಮಾಸ್ತರರು ಓದಿದವನ ಮಾತು ಇರಲೆಂದು ನನ್ನನ್ನು ಕೇಳಿದರು. "ಹೌದೇನ್ರಿ?"

ಒಳಗಿನಿಂದ ಅವ್ವ ಬಾಗಿಲಿಗೆ ಬಂದು ನಿಂತಿದ್ದಳು. ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಕ್ಯಾಂಪಿನ ಕಚೇರಿಯಲ್ಲಿ ಹೆದರಲು ನನಗೆ ಕಾರಣವಿತ್ತು. ಇಲ್ಲಿ ಯಾವ ಕಾರಣವೂ ಇರಲಿಲ್ಲ. ಬಡ ಮಾಸ್ತರರು, ಒಂದು ಪೆನ್ಸಿಲ್ಲು, ನಮ್ಮದೇ ಕಟ್ಟೆ. ಇವನು ಬರ್ಮಾದ ನೀರಿನ ಆಳ ಅಳೆದವನು, ಇನ್ನೂರು ಜನರನ್ನು ದಂಡೆಗೆ ಮುಟ್ಟಿಸಿದವನು ಎಂದು ಅಷ್ಟು ಹೇಳಿದ್ದರೂ ಸಾಕಿತ್ತು. ಅದರಿಂದ ಯಾರ ಕೆಲಸವೂ ಹೋಗುತ್ತಿರಲಿಲ್ಲ.

"ಹೌದ್ರಿ," ಎಂದೆ.

ಮಾಸ್ತರರು ಬರೆದುಕೊಂಡು ಮುಂದಿನ ಮನೆಗೆ ಎದ್ದರು. ತಮ್ಮ ಎಣ್ಣೆಯ ಬಟ್ಟಲು ಎತ್ತಿಕೊಂಡು ಹೊಳೆಯ ಕಡೆಗೆ ಹೋದ. ಅವ್ವ ಸಾಯುವವರೆಗೂ ಆ ದಿನದ ವಿಷಯ ಎತ್ತಲಿಲ್ಲ. ಆದರೆ ಆಮೇಲೆ ಅವಳು ನನ್ನನ್ನು ದೊಡ್ಡ್ಯಾ ಎಂದು ಕರೆದದ್ದು ನನಗೆ ನೆನಪಿಲ್ಲ.